ಹಗಲುರಾತ್ರಿಯ ಬಲಗೈ

ಬಸ್ ನಿಲ್ದಾಣದ ಜನ ಅವಳನ್ನು ಹಗಲುರಾತ್ರಿ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ಒಬ್ಬ ಕಂಡಕ್ಟರ್. "ಎಡಗೈ ಹಗಲು, ಬಲಗೈ ರಾತ್ರಿ, ಎರಡೂ ಒಬ್ಬಳದೇ, ಬೇಕಾದ್ರೆ ಮುಟ್ಟಿ ನೋಡಿ!" ಎಂದು ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದ್ದೇ ತಡ, ಇಡೀ ನಿಲ್ದಾಣ ಹಲ್ಲು ಕಿಸಿಯಿತು, ಹೆಸರು ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಇಲ್ಲವೆಂದಲ್ಲ. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಮನೆಯಲ್ಲಿ ಅತ್ತಿಗೆ 'ಏ' ಎನ್ನುತ್ತಿದ್ದಳು. ಅಣ್ಣ ಅದನ್ನೂ ಅನ್ನುತ್ತಿರಲಿಲ್ಲ.

ಅವಳ ಕೆಲಸ ಬಿಸಿಲಿನಿಂದ ಜನರನ್ನು ಕಾಪಾಡುವುದು. ನಗಬೇಡಿ, ನಿಜವಾಗಿಯೂ ಅದೇ ಕೆಲಸ. ನಿಲ್ದಾಣದ ಎದುರು ಒಂದು ಮೇಜು. ಮೇಜಿನ ತುಂಬ ಭುಜದವರೆಗೆ ಬರುವ ಹತ್ತಿಯ ಕೈಗವಸುಗಳು, ಹೆಬ್ಬೆರಳಿಗೆ ತೂತು, ಮೇಲೆ ಜಾರದಂತೆ ಎಲಾಸ್ಟಿಕ್ಕು. ಮುಖ ಕುತ್ತಿಗೆ ಎರಡನ್ನೂ ಸುತ್ತಿ ಕಣ್ಣಷ್ಟನ್ನೇ ಬಿಡುವ ಬಟ್ಟೆಗಳು. ಸ್ಕೂಟರ್ ಓಡಿಸುವ ಹೆಂಗಸರಿಗೆಂದು ತೆಳ್ಳನೆ ಕೋಟುಗಳು. ಅಗಲ ಅಂಚಿನ ಟೋಪಿಗಳು. ಎಲ್ಲವನ್ನೂ ಮನೆಯಲ್ಲಿ ಅತ್ತಿಗೆ ಹೊಲಿಯುತ್ತಿದ್ದಳು, ಅಣ್ಣ ಬಟ್ಟೆ ಕತ್ತರಿಸಿ ಕೊಡುತ್ತಿದ್ದ. ಬೇಸಿಗೆ ಬಂತೆಂದರೆ ಆ ಮನೆಯಲ್ಲಿ ಮೂರು ಜನಕ್ಕೂ ಉಸಿರು ಬಿಡಲು ಪುರುಸೊತ್ತಿಲ್ಲ. ಬಿಸಿಲು ಹೆಚ್ಚಾದಷ್ಟೂ ಅತ್ತಿಗೆಯ ಮುಖ ಅರಳುತ್ತಿತ್ತು.

ಬಿಸಿಲು ಅಂದರೆ ಅತ್ತಿಗೆಗೆ ಪ್ರಾಣಭಯ, ಅದೂ ಸುಳ್ಳಲ್ಲ. ಹೊತ್ತು ಹುಟ್ಟುವ ಮುಂಚೆ ಒಮ್ಮೆ, ಮುಳುಗಿದ ಮೇಲೆ ಒಮ್ಮೆ, ಅಷ್ಟೇ ಅವಳು ಹೊಸ್ತಿಲು ದಾಟುತ್ತಿದ್ದದ್ದು. ಹೊಲಿಗೆ ಯಂತ್ರ ಇಟ್ಟಿದ್ದ ಕೋಣೆಯ ಕಿಟಕಿಗೆ ಎರಡು ಪದರ ಪರದೆ. ಪಾತ್ರೆ ತೊಳೆಯಲು ರಬ್ಬರ್ ಗ್ಲೌಸ್. ನಲವತ್ತು ದಾಟಿದ ಹೆಂಗಸಿನ ಕೈ ಅದು ಎಂದು ಯಾರೂ ಹೇಳುವಂತಿರಲಿಲ್ಲ, ಅಷ್ಟು ನುಣುಪು. ಹೋದ ಬೇಸಿಗೆಯಲ್ಲಿ ಮಾತ್ರ ಅವಳ ಹೆಬ್ಬೆರಳ ಬುಡದಲ್ಲಿ ಒಂದು ಕಂದು ಮಚ್ಚೆ ಎದ್ದಿತ್ತು. ತಿಂಗಳುಗಟ್ಟಲೆ ಅದನ್ನು ನೋಡಿಕೊಂಡು ಕಣ್ಣೀರು ಹಾಕಿದ್ದಳು, ಮನೆಯಲ್ಲಿ ಸಾವಾದ ಹಾಗೆ. ಯಾಕೆ ಬಂತು ಎಂದು ನಾದಿನಿ ಕೇಳಿದ್ದಕ್ಕೆ, "ನಿನಗ್ಯಾಕೆ? ನಿನ್ನ ಕೆಲಸ ನೋಡು" ಎಂದಿದ್ದಳು.

ಆ ನಾದಿನಿಯೇ ನಮ್ಮ ಹಗಲುರಾತ್ರಿ. ಮದುವೆಯಾಗಲಿಲ್ಲ, ಓದು ಹತ್ತಲಿಲ್ಲ, ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು, ಅಣ್ಣನ ಮನೆಯಲ್ಲಿ ಉಳಿದಳು. ಉಂಡ ತಟ್ಟೆಯ ಋಣ ತೀರಿಸಬೇಕಲ್ಲ, ಮೇಜಿನ ಹಿಂದೆ ನಿಂತಳು.

ಎರಡು ಬಣ್ಣ ಬಂದ ಕತೆ ಕೇಳಿ. ಮೊದಲ ಬೇಸಿಗೆಯಲ್ಲಿ ಒಂದು ಒಂಟಿ ಕೈಗವಸು ಉಳಿದಿತ್ತು, ಎಡಗೈಯದು. ಅದರ ಜೊತೆಗಾರ ಕತ್ತರಿಗೆ ಸಿಕ್ಕಿ ಹಾಳಾಗಿತ್ತು. "ಬಿಸಾಕೋದ್ಯಾಕೆ, ನೀನು ಹಾಕ್ಕೋ" ಎಂದು ಅತ್ತಿಗೆ ಕೊಟ್ಟಳು. ಅವಳು ಹಾಕಿಕೊಂಡು ನಿಂತಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬರು ಟೀಚರಮ್ಮ ವ್ಯಾಪಾರಕ್ಕೆ ಬಂದವರು, ಇವಳು ಬೆವರು ಒರೆಸಿಕೊಳ್ಳಲೆಂದು ಕೈಗವಸು ಬಿಚ್ಚಿದಾಗ ಹೌಹಾರಿಬಿಟ್ಟರು. ಎಡಗೈ ಕೆನೆಯ ಹಾಗಿದೆ, ಬಲಗೈ ಬೆಂದ ಇಟ್ಟಿಗೆಯ ಹಾಗಿದೆ. ಆಕೆ ಅಲ್ಲೇ ಮನೆಮಂದಿಗೆಲ್ಲ ಆಗುವಷ್ಟು ಕೊಂಡುಕೊಂಡು ಹೋದರು. ಇವಳು ಪೆದ್ದಿ, ಮನೆಗೆ ಬಂದು ನಗುನಗುತ್ತ ಅದನ್ನು ಅತ್ತಿಗೆಗೆ ಹೇಳಿದಳು. ಅತ್ತಿಗೆ ನಗಲಿಲ್ಲ. ಹೊಲಿಯುತ್ತಿದ್ದ ಯಂತ್ರ ನಿಲ್ಲಿಸಿ, ಅವಳ ಎರಡು ಕೈಯನ್ನೂ ಹಿಡಿದು, ಬಟ್ಟೆಯ ಥಾನಿನ ಬಣ್ಣ ಹೊಂದುತ್ತದೋ ಇಲ್ಲವೋ ಎಂದು ನೋಡುವ ಹಾಗೆ ಹೊರಳಿಸಿ ಹೊರಳಿಸಿ ನೋಡಿದಳು.

ಮುಂದಿನ ಬೇಸಿಗೆಯಿಂದ ಅದೇ ವ್ಯಾಪಾರದ ಪದ್ಧತಿಯಾಯಿತು. ಅವಳ ಅಂಗಿಗಳನ್ನೆಲ್ಲ ಹೊಸದಾಗಿ ಹೊಲಿದರು, ಎಡಕ್ಕೆ ಪೂರ್ತಿ ತೋಳು, ಬಲಕ್ಕೆ ತೋಳೇ ಇಲ್ಲ. ಕತ್ತರಿ ಹಾಕಿದವನು ಅಣ್ಣ. ಅಲ್ಲಿಯವರೆಗೆ ಮರದ ಕೆಳಗಿದ್ದ ಮೇಜನ್ನು ರಸ್ತೆಯ ಆಚೆ ಬದಿಗೆ, ಬಟಾಬಯಲಿಗೆ ತಂದರು. ನೆರಳಲ್ಲಿ ನಿಂತರೆ ಕೈ ಸುಡುವುದು ಹೇಗೆ? ಹಾಗೆಂದು ಕೊಡೆ ಇರಲಿಲ್ಲವೇ? ಇತ್ತು ಸ್ವಾಮಿ, ದೊಡ್ಡ ಕೊಡೆಯೇ ಇತ್ತು, ಮೇಜಿನ ಕಾಲಿಗೆ ಕಟ್ಟಿದ್ದು. ಮೊದಲ ದಿನ ಅವಳು ಅದರ ಕೆಳಗೆ ಸರಿದು ನಿಂತಿದ್ದನ್ನು ಯಾರೋ ಹೇಳಿದರು. ಸಂಜೆ ಅತ್ತಿಗೆ ಕರೆದು ಕೂರಿಸಿಕೊಂಡು ಬುದ್ಧಿ ಹೇಳಿದಳು.

"ನೆರಳು ಬಟ್ಟೆಗೆ ಕಣೇ, ನಿನಗಲ್ಲ. ಬಟ್ಟೆ ಬಿಸಿಲಿಗೆ ಬಣ್ಣ ಬಿಟ್ರೆ ಯಾರು ತಗೋತಾರೆ? ನಿನಗೇನು ಬಿಡೋಕೆ ಬಣ್ಣ ಇದೆ?"

ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಇದೇ ಅದು. ಊರಿನ ಹೆಂಗಸರ ಕೈಯನ್ನೆಲ್ಲ ಬಿಸಿಲಿನಿಂದ ಉಳಿಸಿದ ಮೇಜಿನ ಹಿಂದೆ ಒಂದು ಕೈ ಬೇಯುತ್ತಲೇ ಇತ್ತು. ಗಿರಾಕಿ ಬಂದರೆ ಅವಳು ಕೈಗವಸು ಎಳೆದು ಎರಡು ಕೈಯನ್ನೂ ಮೇಜಿನ ಮೇಲೆ ಇಡಬೇಕು. "ನೋಡಿ ಅಮ್ಮ, ಹಾಕಿದ್ದು ಇದು, ಹಾಕದ್ದು ಇದು" ಎನ್ನಬೇಕು. ಅಷ್ಟೇ ಮಾತು, ಬೇರೆ ಏನೂ ಬೇಕಿರಲಿಲ್ಲ. ಜನ ಮೂಗಿನ ಮೇಲೆ ಬೆರಳಿಟ್ಟು, ಚೀ ಎಂದು, ಪಾಪ ಎಂದು, ಕೊಂಡುಕೊಂಡು ಹೋಗುತ್ತಿದ್ದರು. ಪಾಪ ಎಂದವರೇ ಹೆಚ್ಚು ಚೌಕಾಸಿ ಮಾಡುತ್ತಿದ್ದರು. ಸಂಜೆ ಮನೆಗೆ ಬಂದರೆ ಯಂತ್ರದ ದೀಪದ ಕೆಳಗೆ ಕೈ ಚಾಚಬೇಕು. ಅತ್ತಿಗೆ ಕನ್ನಡಕ ಹಾಕಿಕೊಂಡು ನೋಡಿ, "ಹ್ಞೂಂ, ಚೆನ್ನಾಗಿ ಹಿಡಿದಿದೆ" ಎಂದರೆ ಆಮೇಲೆ ಊಟ. ಬಣ್ಣ ಬದಲಾದದ್ದಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕಪ್ಪು ಕೈಯೇನು ಕೆಟ್ಟ ಕೈಯಲ್ಲ. ವರ್ಷ ವರ್ಷ ಬೆಂದು ಆ ಕೈಯ ಚರ್ಮ ಒರಟಾಗಿ, ಮೊಣಕೈ ಹತ್ತಿರ ಸುಕ್ಕು ಬಂದು, ಅಲ್ಲಲ್ಲಿ ಚುಕ್ಕೆ ಎದ್ದು, ಬೆಚ್ಚಗಿನ ನೀರು ಸೋಕಿದರೂ ಉರಿಯುವಂತಾಗಿತ್ತು. ಎಡಗೈ ಮಗಳಾದರೆ ಬಲಗೈ ಅವಳ ತಾಯಿ, ಅಷ್ಟು ವಯಸ್ಸಿನ ಅಂತರ.

ಇಷ್ಟಾದರೂ ಅವಳು ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಈ ಬೇಸಿಗೆಯ ಶುರುವಿನಲ್ಲಿ ವಾಚ್ ಅಂಗಡಿಯ ಯಜಮಾನಿ ಕೈಗವಸು ಕೊಳ್ಳಲು ಬರದಿದ್ದರೆ ಹಾಗೇ ನಿಂತಿರುತ್ತಿದ್ದಳೋ ಏನೋ.

ಆ ಯಜಮಾನಿ ಸ್ಕೂಟರ್ ನಿಲ್ಲಿಸಿ ಬಂದವಳು ಕೈಗವಸು ನೋಡಲಿಲ್ಲ, ಇವಳ ಎಡಗೈ ನೋಡಿದಳು. ಬೆರಳು, ಉಗುರು, ಮಣಿಕಟ್ಟು. ತನ್ನದೇ ವಾಚು ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿ, ಸ್ವಲ್ಪ ದೂರ ನಿಂತು ತಲೆ ಓರೆ ಮಾಡಿದಳು.

"ವಾಚ್ ಕಟ್ಟಿ ತೋರಿಸೋಕೆ ಹೇಳಿ ಮಾಡಿಸಿದ ಕೈ ಕಣಮ್ಮ ಇದು. ಮಳೆಗಾಲಕ್ಕೆ ಹೊಸ ಅಂಗಡಿ ತೆಗೀತಿದೀನಿ, ಒಳಗೆಲ್ಲ ಏಸಿ. ಕೌಂಟರಿಗೆ ಒಬ್ಬಳು ಬೇಕು. ಮೇಲೆ ಒಂದು ರೂಮೂ ಇದೆ, ಇರಬಹುದು. ಬರ್ತೀಯಾ?"

ಇವಳು ಮನಸ್ಸಿನಲ್ಲೇ ಎಣಿಸಿದಳು. ತಣ್ಣನೆಯ ಅಂಗಡಿ. ಬಾಗಿಲಿರುವ ರೂಮು. ತನ್ನದೇ ತಟ್ಟೆ.

"ಆದ್ರೆ ಎರಡೂ ಕೈ ಬೇಕು ನೋಡು," ಎಂದಳು ಯಜಮಾನಿ, ಬಲಗೈಯನ್ನು ಬೆರಳ ತುದಿಯಿಂದ ಎತ್ತಿ ಬಿಟ್ಟು. "ಗಿರಾಕಿಗಳು ಇದನ್ನೇ ನೋಡ್ತಾ ನಿಂತುಬಿಟ್ರೆ ನನ್ನ ವಾಚ್ ಯಾರು ನೋಡ್ತಾರೆ? ಮಳೆ ಬರೋಷ್ಟರಲ್ಲಿ ಇದನ್ನ ಸರಿ ಮಾಡ್ಕೋ."

ಸರಿ ಮಾಡ್ಕೋ ಅಂತೆ. ಹೇಳುವವರಿಗೇನು, ನಾಲಿಗೆಗೆ ಮೂಳೆ ಇಲ್ಲ. ಆದರೂ ಅವತ್ತಿನಿಂದ ಇವಳು ಬದುಕಿದ್ದು ಒಂದೇ ಕಾರಣಕ್ಕೆ, ಬಲಗೈಯನ್ನು ವಾಪಸ್ಸು ಪಡೆಯುವುದಕ್ಕೆ.

ನಿಲ್ದಾಣದ ಪಕ್ಕದ ಔಷಧಿ ಅಂಗಡಿಯವರು ದಿನಾ ಅವಳನ್ನು ನೋಡುತ್ತಿದ್ದವರು. ವಯಸ್ಸಾದ ಮನುಷ್ಯ, ಸಿಡುಕ. ಅವಳು ಕೈ ಚಾಚಿದಾಗ ಬೈದೇ ಮಾತು ಶುರು ಮಾಡಿದರು.

"ಇಷ್ಟು ವರ್ಷ ಎಲ್ಲಿ ಹೋಗಿತ್ತಮ್ಮ ಬುದ್ಧಿ? ಕಪ್ಪಾಗೋದು ದೊಡ್ಡ ಮಾತಲ್ಲ, ಚರ್ಮ ಒಳಗಿಂದ ಹಾಳಾಗುತ್ತೆ, ಅದು ದೊಡ್ಡ ಮಾತು. ತಗೋ, ಇದನ್ನ ಬಿಸಿಲಿಗೆ ಹೊರಡೋ ಮುಂಚೆ ದಪ್ಪಗೆ ಹಚ್ಚು. ಪೌಡರ್ ಥರ ಸವರಿಕೊಂಡ್ರೆ ಪ್ರಯೋಜನ ಇಲ್ಲ. ಬೆವರಿ ಹೋದ ಹಾಗೆ ಮತ್ತೆ ಹಚ್ಚು. ಮಧ್ಯಾಹ್ನ ನೆರಳಿಗೆ ಹೋಗು."

"ನೆರಳು ಬಟ್ಟೆಗಂತೆ," ಎಂದು ಅವಳು ನಕ್ಕಳು. ಅವರು ನಗಲಿಲ್ಲ.

ಅವರು ಕೊಟ್ಟ ಕ್ರೀಮಿನ ಟ್ಯೂಬನ್ನು ಅವಳು ಟೋಪಿಗಳ ರಾಶಿಯೊಳಗೆ ಬಚ್ಚಿಟ್ಟಳು. ಮನೆಯ ತಿರುವು ದಾಟಿದ ಮೇಲೆ ಹಚ್ಚಿಕೊಳ್ಳುವುದು, ಗಿರಾಕಿ ಇಲ್ಲದಾಗ ಬಲಗೈಗೆ ಒಂದು ಬಟ್ಟೆ ಹೊದಿಸುವುದು, ಸಂಜೆ ನಿಲ್ದಾಣದ ನಲ್ಲಿಯಲ್ಲಿ ತೊಳೆದುಕೊಂಡು ಮನೆಗೆ ಹೋಗುವುದು. ಕಳ್ಳತನ ಮಾಡುವವಳ ಹಾಗೆ ಅತ್ತಿತ್ತ ನೋಡಿ ಹಚ್ಚುತ್ತಿದ್ದಳು. ತನ್ನ ಕೈಯನ್ನೇ ತಾನು ಕದಿಯುತ್ತಿದ್ದಳು ಪಾಪ! ವಾರಗಳು ಉರುಳಿದ ಹಾಗೆ ಕೈ ನಿಧಾನಕ್ಕೆ ತಿಳಿಯಾಗತೊಡಗಿತು. ಉರಿ ಕಡಿಮೆಯಾಯಿತು. ಒಂದು ದಿನ ಮಣಿಕಟ್ಟಿನ ಒಳಬದಿ ಎಡಗೈಯ ಬಣ್ಣಕ್ಕೆ ಹತ್ತಿರ ಬಂದಿದ್ದನ್ನು ನೋಡಿ ಅವಳು ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ಸಂತೋಷಕ್ಕೆ ಅತ್ತದ್ದು, ತುಂಬಾ ವರ್ಷದ ಮೇಲೆ.

ಅತ್ತಿಗೆಯ ಕಣ್ಣು ತಪ್ಪಿಸುವುದು ಸುಲಭವೇ? ಯಂತ್ರದ ದೀಪದ ಕೆಳಗೆ ಅವಳಿಗೆ ನೂಲಿನೆಳೆಯ ವ್ಯತ್ಯಾಸ ಕಾಣುತ್ತಿತ್ತು. ಒಂದು ಸಂಜೆ ಕೈ ಹಿಡಿದವಳು ಬಿಡಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದಳು.

"ಏನಿದು ವಾಸನೆ?"

ಇವಳು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

"ಬಾಯಲ್ಲೇನು ಕಡುಬು ತುರುಕಿದೆಯಾ? ಬಣ್ಣ ಇಳೀತಿದೆ, ವ್ಯಾಪಾರಾನೂ ಇಳೀತಿದೆ. ಏನು ಹಚ್ಕೋತಿದೀಯಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಟ್ಯೂಬಿನ ವಿಷಯ ಹೇಳಿದಳು, ವಾಚ್ ಅಂಗಡಿಯ ವಿಷಯ ಹೇಳಿದಳು, ಮೇಲಿನ ರೂಮಿನ ವಿಷಯವನ್ನೂ ಹೇಳಿಬಿಟ್ಟಳು. "ನನ್ನದೂ ಒಂದು ಬದುಕು ಆಗಲಿ ಅತ್ತಿಗೆ. ಇಷ್ಟು ವರ್ಷ ನಿಂತಿದೀನಲ್ಲ, ಇದೊಂದು ಬೇಸಿಗೆ ನನ್ನ ಕೈ ನನಗೆ ಬಿಟ್ಟುಬಿಡಿ."

ಕೋಣೆಯಲ್ಲಿ ಕತ್ತರಿಯ ಸದ್ದು ನಿಂತಿತು. ಅಣ್ಣ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಬೆಂಕಿ ಬೀಳುತ್ತದೆ ಎಂದುಕೊಂಡಿದ್ದರು ಇಬ್ಬರೂ. ಬೀಳಲಿಲ್ಲ. ಅತ್ತಿಗೆ ಕನ್ನಡಕ ತೆಗೆದು ಒರೆಸಿದಳು. "ಮೊದಲೇ ಹೇಳಬಾರದಾ ಹುಚ್ಚಿ," ಎಂದಳು. "ನಾನೇನು ಬೇಡ ಅಂತಿದ್ನಾ? ಒಳ್ಳೇ ಕೆಲಸ. ಊಟ ಮಾಡು ಹೋಗು."

ಆ ರಾತ್ರಿ ಅವಳು ಅತ್ತಿಗೆಯ ಬಗ್ಗೆ ಇಷ್ಟು ವರ್ಷ ಅಂದುಕೊಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡಳು. ಕೆನ್ನೆ ಬಡಿದುಕೊಳ್ಳಬೇಕಾದದ್ದು ಬೇರೆ ಕಾರಣಕ್ಕೆ, ಅದು ಅವಳಿಗೆ ಆಮೇಲೆ ಗೊತ್ತಾಯಿತು.

ಬೆಳಗ್ಗೆ ಅವಳು ಹೊರಡುವ ಹೊತ್ತಿಗೆ ಅತ್ತಿಗೆ ಕರೆದಳು. ನಾಲ್ಕಾರು ನಿಂಬೆಹಣ್ಣು ಕತ್ತರಿಸಿ ಬಟ್ಟಲಲ್ಲಿ ಹಿಂಡಿ ಇಟ್ಟಿದ್ದಳು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್.

"ಬಾ ಇಲ್ಲಿ, ಕೂತ್ಕೋ. ಆ ಅಂಗಡಿ ಕ್ರೀಮೆಲ್ಲ ದಂಡ. ಕಪ್ಪು ತೆಗೆಯೋದಕ್ಕೆ ನಿಂಬೆ ಬಿಟ್ರೆ ಇಲ್ಲ. ನಾನೇ ಉಜ್ಜಿಕೊಡ್ತೀನಿ."

ಅವಳು ಕೂತಳು. ಅವಳ ನೆನಪಿನಲ್ಲಿ ಅತ್ತಿಗೆ ಅಷ್ಟು ಪ್ರೀತಿಯಿಂದ ಮೈ ಮುಟ್ಟಿದ್ದು ಅದೇ ಮೊದಲು. ಅತ್ತಿಗೆ ಗ್ಲೌಸ್ ಹಾಕಿದ ತನ್ನ ಎಡಗೈಯನ್ನು ಬಟ್ಟಲಿನಲ್ಲಿ ಅದ್ದಿ, ಅವಳ ಬಲಗೈಯನ್ನು ಮೊಣಕೈ ಕೆಳಗೆ ಭದ್ರವಾಗಿ ಹಿಡಿದಳು. ತನ್ನ ಇನ್ನೊಂದು ಕೈಯಲ್ಲಿ ನಿಂಬೆಯ ಹೋಳು ಹಿಡಿದು ಮಣಿಕಟ್ಟಿನಿಂದ ಬೆರಳವರೆಗೆ ಉಜ್ಜಿದಳು. ರಸ ತೋಳಿನುದ್ದಕ್ಕೂ ಇಳಿಯಿತು. ಕತ್ತರಿಸುವ ಮೇಜಿನ ಹತ್ತಿರ ಅಣ್ಣ ನಿಂತಿದ್ದ. ಅವನ ಬಾಯಿ ತೆರೆಯಿತು. ಅತ್ತಿಗೆ ಅವನ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿತು, ಕತ್ತರಿ ಬಟ್ಟೆಯ ಮೇಲೆ ನಡೆಯಿತು.

"ಒರೆಸಬೇಡ, ತೊಳೀಬೇಡ, ಮೇಲೆ ಏನೂ ಹಚ್ಚಬೇಡ. ಹಾಗೇ ಬಿಸಿಲಿಗೆ ಒಣಗಲಿ. ಆಗಲೇ ಹಿಡಿಯೋದು," ಎಂದಳು ಅತ್ತಿಗೆ. ಟ್ಯೂಬನ್ನು ತಾನೇ ಇಟ್ಟುಕೊಂಡಳು.

ಅವತ್ತಿನ ಬಿಸಿಲು ಡಾಂಬರು ಮೆತ್ತಗಾಗುವಂಥದ್ದು. ಅವಳು ಬಲಗೈಯನ್ನು ಚಾಚಿ ಚಾಚಿ ಒಣಗಿಸಿದಳು. ಸ್ವಲ್ಪ ಚುರುಗುಟ್ಟಿತು, ನಿಂಬೆ ಕೆಲಸ ಮಾಡುತ್ತಿದೆ ಎಂದುಕೊಂಡಳು. ಮಾರನೆಯ ದಿನ ಕೈ ಕೆಂಪಾಗಿ ಊದಿತು. ಅದರ ಮಾರನೆಯ ದಿನ ಗುಳ್ಳೆ ಎದ್ದವು, ದೊಡ್ಡವು, ನೀರು ತುಂಬಿದವು. ಬಟ್ಟೆ ತಾಗಿದರೆ ಪ್ರಾಣ ಹೋಗುತ್ತಿತ್ತು.

"ಹಾಗೇ ಅದು, ಕೊಳೆ ಹೊರಗೆ ಬರ್ತಿದೆ," ಎಂದಳು ಅತ್ತಿಗೆ. "ಇವತ್ತೂ ಹೋಗು. ಗ್ಲೌಸ್ ಹಾಕದಿದ್ರೆ ಹೀಗಾಗುತ್ತೆ ಅಂತ ತೋರಿಸು. ನಾಲ್ಕು ಜನಕ್ಕೆ ಬುದ್ಧಿ ಬರಲಿ."

ಹೋದಳು. ತೋರಿಸಿದಳು. ಆ ದಿನ ಆದಷ್ಟು ವ್ಯಾಪಾರ ಯಾವತ್ತೂ ಆಗಿರಲಿಲ್ಲ. ಗುಳ್ಳೆ ನೋಡಿ ಒಬ್ಬಳು ಕಾಲೇಜು ಹುಡುಗಿ ಕಿರುಚಿಕೊಂಡಳು, ಅವಳ ಗೆಳತಿಯರೆಲ್ಲ ಕೊಂಡರು. ಥೂ, ಜನವೇ!

ಔಷಧಿ ಅಂಗಡಿಯವರು ರಸ್ತೆ ದಾಟಿ ತಾವೇ ಬಂದರು. ಕೈ ಮುಟ್ಟದೆ ಬಗ್ಗಿ ನೋಡಿದರು. ರಸ ಇಳಿದ ಗೆರೆಗಳ ಮೇಲೇ ಗುಳ್ಳೆ ಸಾಲಾಗಿ ಎದ್ದಿದ್ದವು.

"ನಿಂಬೆ ಹಚ್ಕೊಂಡ್ಯಾ?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಅತ್ತಿಗೆ ಹೇಳಲಿಲ್ವಾ ನಿನಗೆ? ಹೋದ ಬೇಸಿಗೆ ಅವರಿಗೂ ಹೀಗೇ ಆಗಿತ್ತಲ್ಲ. ಯಾವತ್ತೂ ಬಿಸಿಲಿಗೆ ಬರದವರು ಅವತ್ತೊಂದಿನ ನಿಂಬೆ ಹಿಂಡಿದ ಕೈಯಲ್ಲೇ ಬಟ್ಟೆ ಒಣಗಿಸೋಕೆ ಮಹಡಿಗೆ ಹೋಗಿದ್ರು. ಹೆಬ್ಬೆರಳ ಹತ್ತಿರ ಇಷ್ಟೇ ಇಷ್ಟು ಸುಟ್ಟಿತ್ತು, ಅದಕ್ಕೇ ನಿಮ್ಮಣ್ಣನ ಜೊತೆ ಸಂಜೆ ಓಡಿ ಬಂದಿದ್ರು. ನಿಂಬೆ ರಸ ಮೈಮೇಲಿದ್ರೆ ಬಿಸಿಲಿಗೆ ಹೋಗಲೇಬೇಡಿ, ಚರ್ಮ ಸುಟ್ಟುಹೋಗುತ್ತೆ, ಕಲೆ ತಿಂಗಳುಗಟ್ಟಲೆ ಹೋಗಲ್ಲ ಅಂತ ಇಬ್ಬರಿಗೂ ಬಿಡಿಸಿ ಹೇಳಿದೀನಿ. ಮತ್ತೆ ನಿನಗೆ ಯಾರು ಹಚ್ಚಿದ್ದು?"

ಅವಳಿಗೆ ರಬ್ಬರ್ ಗ್ಲೌಸ್ ನೆನಪಾಯಿತು. ಕತ್ತರಿಸುವ ಮೇಜಿನ ಹತ್ತಿರ ತೆರೆದು ಮುಚ್ಚಿದ ಬಾಯಿ ನೆನಪಾಯಿತು. ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಇದ್ದಲ್ಲೇ ಇತ್ತು, ಅವಳು ನಿಂತಲ್ಲೇ ನಿಂತಿದ್ದಳು, ಗಿರಾಕಿಯೊಬ್ಬಳು ಟೋಪಿಯ ಅಳತೆ ಕೇಳುತ್ತಿದ್ದಳು.

ಸಂಜೆ ಊಟಕ್ಕೆ ಕೂತಾಗ ಅವಳು ಅತ್ತಿಗೆಯನ್ನು ಏನೂ ಕೇಳಲಿಲ್ಲ. ಅವಳಿಂದ ಕೇಳುವುದೇನಿದೆ? ಎಡಗೈಯಲ್ಲಿ ಉಣ್ಣುತ್ತ ಅಣ್ಣನ ಕಡೆ ತಿರುಗಿದಳು.

"ಅಣ್ಣ, ನಿನಗೂ ಗೊತ್ತಿತ್ತಲ್ಲ?"

ಅಣ್ಣ ಅವಳ ಕೈ ನೋಡಿದ, ತಟ್ಟೆ ನೋಡಿದ, ಗೋಡೆ ನೋಡಿದ. ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು, ಅದನ್ನೂ ಹೇಳಬೇಕು. "ಊಟ ಆರುತ್ತೆ," ಎಂದ. "ಉಣ್ಣು."

ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಮಾಡಿದವರನ್ನು ಕರೆದು ತಂದು ಆ ಮನೆಯಲ್ಲಿ ಊಟಕ್ಕೆ ಕೂರಿಸಬೇಕಿತ್ತು.

ಗುಳ್ಳೆ ಒಡೆದು ಒಣಗಿ ಹೊಪ್ಪಳೆ ಬೀಳುವ ಹೊತ್ತಿಗೆ ಮೋಡ ಕಾಣಿಸಿಕೊಳ್ಳಲು ಶುರುವಾಗಿತ್ತು. ವಾಚ್ ಅಂಗಡಿಯ ಯಜಮಾನಿ ಬಂದಳು. ಇವಳು ಕೈಯನ್ನು ಬಟ್ಟೆಯ ರಾಶಿಯೊಳಗೆ ತೂರಿಸಿ ನಿಂತಳು. ಎಷ್ಟು ಹೊತ್ತು ಹಾಗೆ ನಿಲ್ಲಲಾಗುತ್ತದೆ?

"ಎಲ್ಲಿ, ಸರಿ ಹೋಯ್ತಾ?"

ತೆಗೆದು ತೋರಿಸಿದಳು. ಯಜಮಾನಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ದೇವರೇ. ಏನು ಮಾಡ್ಕೊಂಡೆ?" ಎಂದಳು. ಆಮೇಲೆ ದನಿ ಮೆತ್ತಗೆ ಮಾಡಿಕೊಂಡು, "ಬೇಜಾರು ಮಾಡ್ಕೋಬೇಡಮ್ಮ. ಹೇಗಿದ್ರೂ ನಾನು ಇನ್ನೊಬ್ಬಳನ್ನ ನೋಡಿಟ್ಟಿದ್ದೆ. ಅವಳ ಕೈ ಸುಮಾರು, ಆದ್ರೂ ಎರಡೂ ಒಂದೇ ಥರ ಇದೆ," ಎಂದಳು. ಆ ಇನ್ನೊಬ್ಬಳ ಕೈ ಹಾಳಾಗದಿರಲಿ ಎಂದು ಒಂದು ಜೊತೆ ಕೈಗವಸು ಆರಿಸಿದಳು. ಅದನ್ನು ಕಾಗದದಲ್ಲಿ ಸುತ್ತಿಕೊಟ್ಟವಳೂ ಇವಳೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಬಿಡಿ, ತುತ್ತನ್ನು ಕಟ್ಟಿ ಬೇರೆಯವಳಿಗೆ ಕಳಿಸಿಕೊಟ್ಟಂತಾಯಿತು.

ಹೊಪ್ಪಳೆ ಎಲ್ಲ ಉದುರಿದ ಮೇಲೆ ಕೆಳಗಿದ್ದದ್ದು ಕಾಣಿಸಿತು. ಮಣಿಕಟ್ಟಿನ ಸುತ್ತ ಕಡು ಕಂದು ಬಣ್ಣ ಬಳಿದಂತಿತ್ತು. ತೋಳಿನುದ್ದಕ್ಕೆ ರಸ ಇಳಿದ ಗೆರೆಗಳು. ಮೊಣಕೈ ಕೆಳಗೆ, ಅತ್ತಿಗೆ ಭದ್ರವಾಗಿ ಹಿಡಿದಿದ್ದ ಜಾಗದಲ್ಲಿ, ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ, ಅಚ್ಚೊತ್ತಿದ ಹಾಗೆ. ಚಿಕ್ಕ ಮಗು ನೋಡಿದರೂ ಅದು ಒಂದು ಕೈ ಎಂದು ಹೇಳಬಹುದಿತ್ತು.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಇನ್ನು ಕಾಯುವುದು ಏನೂ ಇರಲಿಲ್ಲ. ಮರುದಿನ ಮೊದಲ ಗಿರಾಕಿ ಬಂದಾಗ ಎಂದಿನಂತೆ ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟಳು.

"ನೋಡಿ ಅಮ್ಮ. ಹಾಕಿದ್ದು ಇದು, ಹಾಕದ್ದು ಇದು."

"ಇದೇನ್ರೀ ಇದು, ಬೆರಳ ಗುರುತು?"

"ಅದು ಬಿಸಿಲಲ್ಲ. ನಮ್ಮ ಅತ್ತಿಗೆ ಕೈ. ಈ ಗ್ಲೌಸ್ ಹೊಲಿಯೋದು ಅವರೇ. ನಿಂಬೆ ಹಚ್ಚಿ ಬಿಸಿಲಿಗೆ ಕಳಿಸಿದ್ರು. ಅವರು ಮಾತ್ರ ರಬ್ಬರ್ ಗ್ಲೌಸ್ ಹಾಕ್ಕೊಂಡಿದ್ರು."

ಬೈದು ಹೇಳಲಿಲ್ಲ, ಅತ್ತು ಹೇಳಲಿಲ್ಲ. ಬಟ್ಟೆಯ ಗುಣ ಹೇಳುವ ದನಿಯಲ್ಲೇ ಹೇಳಿದಳು. ಬಂದ ಬಂದವರಿಗೆಲ್ಲ ಹೇಳಿದಳು. ಕೆಲವರು ನಂಬಲಿಲ್ಲ, "ಉಪ್ಪು ತಿಂದ ಮನೆಗೇ ಎರಡು ಬಗೀತಾಳೆ" ಎಂದರು. ಕೆಲವರು ಕೈಯಲ್ಲಿ ಹಿಡಿದಿದ್ದನ್ನು ಮೇಜಿನ ಮೇಲೆ ಇಟ್ಟು ಹೋದರು. ಕಂಡಕ್ಟರ್ ಕೂಡ ಮೆಟ್ಟಿಲಿಂದ ಇಳಿದು ಬಂದು ನೋಡಿ, ಹಾಸ್ಯ ಮಾಡಲು ಬಾಯಿ ತೆರೆದವನು ಮಾಡದೆ ಹೋದ. ಮಧ್ಯಾಹ್ನದೊಳಗೆ ಮಾತು ಮನೆ ಮುಟ್ಟಿತು. ಅಂಥ ಮಾತಿಗೆ ಕಾಲು ಬೇಕೇ?

ಅತ್ತಿಗೆ ಬಂದಳು! ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಕೊಡೆಯಿಲ್ಲದೆ, ಮುಖಕ್ಕೆ ಬಟ್ಟೆಯಿಲ್ಲದೆ, ಬರಿಗೈಯಲ್ಲಿ. ಯಂತ್ರದ ಮುಂದಿನಿಂದ ಎದ್ದವಳು ಹಾಗೇ ಓಡಿ ಬಂದಿದ್ದಳು. ಹಗಲಲ್ಲಿ ಅವಳನ್ನು ಕಂಡವರೇ ಇಲ್ಲವಾದ್ದರಿಂದ ಯಾರಿಗೂ ಗುರುತು ಸಿಗಲಿಲ್ಲ. ಮೇಜಿನ ಸುತ್ತ ಐದಾರು ಹೆಂಗಸರಿದ್ದರು. ಅವರನ್ನು ತಳ್ಳಿಕೊಂಡು ಒಳನುಗ್ಗಿದಳು.

"ಏ! ಮಾನ ಮರ್ಯಾದೆ ಇಲ್ವೇನೇ ನಿನಗೆ? ನಡಿ ಮನೆಗೆ! ಅನ್ನ ಹಾಕಿದ್ದಕ್ಕೆ ಬೀದೀಲಿ ನಿಂತು ನಮ್ಮ ಮುಖಕ್ಕೆ ಮಸಿ ಬಳೀತೀಯಾ?"

ಹಾಗೆನ್ನುತ್ತ ಅವಳ ಬಲಗೈ ಹಿಡಿದು ಎಳೆದಳು. ಸಿಟ್ಟಿನಲ್ಲಿ ಹಿಡಿದ ಕೈ, ಎಲ್ಲಿ ಹಿಡಿಯುತ್ತಿದೆ ಎಂದು ನೋಡಿ ಹಿಡಿದದ್ದಲ್ಲ. ಎಡಗೈಯಿಂದ, ಮೊಣಕೈ ಕೆಳಗೆ, ಅವತ್ತು ಹಿಡಿದಲ್ಲೇ ಹಿಡಿದಳು. ನಾಲ್ಕು ಬೆರಳು ನಾಲ್ಕು ಗುರುತಿನ ಮೇಲೆ ಕೂತವು. ಹೆಬ್ಬೆರಳು ಹೆಬ್ಬೆರಳ ಮೇಲೆ ಕೂತಿತು. ಅಣ್ಣ ಅಳತೆ ತೆಗೆದು ಕತ್ತರಿಸಿದ ಕೈಗವಸೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ.

ಸುತ್ತಲಿದ್ದವರು ನೋಡಿದರು. ಯಾರೋ ಒಬ್ಬಳು "ಅಯ್ಯಯ್ಯೋ" ಎಂದಳು. ಅವರ ಕಣ್ಣು ಎಲ್ಲಿದೆ ಎಂದು ತಿಳಿದು ಅತ್ತಿಗೆಯೂ ಕೆಳಗೆ ನೋಡಿದಳು. ಕೈ ಬಿಡಲು ಹೋದಳು. ಆಗಲಿಲ್ಲ. ನಾದಿನಿ ತನ್ನ ಎಡಗೈಯನ್ನು ಆ ಕೈಯ ಮೇಲೆ ಒತ್ತಿ ಹಿಡಿದಿದ್ದಳು, ಇಷ್ಟು ವರ್ಷ ಕೈಗವಸಿನಲ್ಲಿದ್ದ ಕೈಯನ್ನು. ವರ್ಷಗಟ್ಟಲೆ ಮೇಜು ಹೊತ್ತ, ಬಟ್ಟೆಯ ಗಂಟು ಹೊತ್ತ ಕೈ ಅದು.

"ಬಿಡೇ."

"ಯಾಕೆ ಅತ್ತಿಗೆ? ಹಿಡ್ಕೊಂಡೇ ಇರಿ."

"ಬಿಡು ಅಂದೆ. ಬಿಸಿಲು... ಸುಡ್ತಿದೆ ಕಣೇ, ಬಿಡು!"

"ಹೌದಾ? ಸುಡುತ್ತಾ?"

ಅಷ್ಟರಲ್ಲಿ ಬಸ್ ಬಂತು. ಹೆಂಗಸರಲ್ಲಿ ಕೆಲವರು ತಿರುತಿರುಗಿ ನೋಡುತ್ತ ಓಡಿದರು, ಕೆಲವರು ತಿರುಗಿ ನೋಡದೆಯೇ ಓಡಿದರು. ಸೀಟು ಸಿಗಬೇಕಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ ಹೊರಟಿತು. ಬಟಾಬಯಲಿನಲ್ಲಿ ಇಬ್ಬರೇ ಉಳಿದರು. ಅತ್ತಿಗೆ ಕೊಡೆಯ ಕಡೆಗೆ ಮೈ ಎಳೆದಳು, ಎರಡು ಹೆಜ್ಜೆ ಹಾಕಿದರೆ ನೆರಳು ಸಿಗುತ್ತಿತ್ತು. ನಾದಿನಿ ಕದಲಲಿಲ್ಲ.

"ಅದು ಬಟ್ಟೆಗೆ ಅತ್ತಿಗೆ," ಎಂದಳು.